ಇಸಬಿನ ಡಾಕ್ಟರು

ಡಾಕ್ಟರು ತೀರಿಕೊಂಡ ಸುದ್ದಿ ನನಗೆ ತಲುಪುವ ಹೊತ್ತಿಗೆ ಅವರು ಹೋಗಿ ಎಷ್ಟೋ ತಿಂಗಳಾಗಿತ್ತು. ಬಯಲುಸೀಮೆಯಿಂದ ವರ್ಗವಾಗಿ ಬಂದ ಕಾಂಪೌಂಡರ್ ಒಬ್ಬ ಮಾತಿನ ನಡುವೆ, "ನಿಮ್ಮಲ್ಲಿ ಮೊದ್ಲು ಒಬ್ರು ಇದ್ರಲ್ಲ, ಯಾವಾಗ್ಲೂ ಕೈ ತುರಿಸ್ಕೊಳ್ತಿದ್ದವ್ರು, ಅವ್ರು ನ್ಯುಮೋನಿಯಾದಲ್ಲಿ ಹೋದ್ರು" ಎಂದ. ಜೀವಮಾನವೆಲ್ಲ ಊರೂರು ತಿರುಗಿ ಔಷಧ ಕೊಟ್ಟ ಮನುಷ್ಯ ಜನರ ನೆನಪಿನಲ್ಲಿ ಉಳಿದದ್ದು ಹಾಗೆ. ಅದು ಸುಳ್ಳೇನಲ್ಲ, ಅವರು ತುರಿಸಿಕೊಳ್ಳುತ್ತಿದ್ದದ್ದು ನಿಜ. ಅಷ್ಟೇ ಆಗಿ ಉಳಿಯಬಾರದೆಂದು ಇದನ್ನು ಬರೆಯುತ್ತಿದ್ದೇನೆ. ಹೆಸರು ಬರೆಯುವುದಿಲ್ಲ. ಬದುಕಿದ್ದಾಗ ಅವರ ಮೈಯ ವಿಷಯವನ್ನು ಜನ ಆಡಿಕೊಂಡದ್ದು ಸಾಕು.

ಮೈಸೂರಿನಲ್ಲಿ ದಾದಿಯ ತರಬೇತಿ ಮುಗಿಸಿದ ನನ್ನನ್ನು ಕಳಸಕ್ಕೂ ಸಂಸೆಗೂ ನಡುವಿನ ಒಂದು ಸಣ್ಣ ಆಸ್ಪತ್ರೆಗೆ ಹಾಕಿದ್ದರು. ಎರಡು ಕೋಣೆ, ಒಂದು ಜಗುಲಿ, ಜಗುಲಿಯ ಉದ್ದಕ್ಕೂ ಬೆಂಚು. ಬೆಂಚಿನ ತುಂಬ ಚಳಿಜ್ವರದವರು. ಹೆರಿಗೆಗೆ ನಾನು ಮನೆಮನೆಗೆ ಹೋಗುತ್ತಿದ್ದೆ, ಹಾಗಾಗಿ ಸುತ್ತಲಿನ ಎಸ್ಟೇಟುಗಳಲ್ಲಿ ಎಲ್ಲರೂ ನನ್ನನ್ನು ನರ್ಸಮ್ಮ ಎನ್ನುತ್ತಿದ್ದರು. ಎರಡನೇ ಮಹಾಯುದ್ಧ ಶುರುವಾದ ಮೇಲೆ ಹಳೆಯ ಡಾಕ್ಟರು ಸೈನ್ಯಕ್ಕೆ ಸೇರಿದರು. ಅವರ ಜಾಗಕ್ಕೆ ಬಂದವರು ಇವರು.

ಬಂದ ದಿನವೇ ಕೈತೊಳೆಯುವ ಬೋಗುಣಿಯ ಪಕ್ಕದಲ್ಲಿದ್ದ ಕಾರ್ಬಾಲಿಕ್ ಸೋಪನ್ನು ಎತ್ತಿ ನನ್ನ ಕಡೆ ಸರಿಸಿದರು.

"ಇದು ನಿಮ್ಗೆ. ನಂಗೊಂದು ಬಾಟ್ಲಿ ಕೊಬ್ರಿ ಎಣ್ಣೆ ತರಿಸಿಡಿ, ಸಾಕು" ಎಂದರು.

ಇದೆಂತ ಡಾಕ್ಟರು ಎಂದು ನಾನು ಮನಸ್ಸಿನಲ್ಲೇ ಅಂದುಕೊಂಡೆ. ಆಮೇಲೆ ಗಮನಿಸಿದೆ. ಗಾಯ ಮುಟ್ಟುವಾಗ ರಬ್ಬರ್ ಕೈಗವಸು ಹಾಕದೆ ಮುಟ್ಟುತ್ತಿರಲಿಲ್ಲ. ಅದರ ಒಳಗೆ ತೆಳ್ಳನೆಯ ಹತ್ತಿಯ ಇನ್ನೊಂದು ಗವಸು ಇರುತ್ತಿತ್ತು. ಅದನ್ನು ಅವರೇ ಹೊಲಿದುಕೊಂಡಿದ್ದರು. ಉಗುರುಗಳನ್ನು ಚರ್ಮದ ಮಟ್ಟಕ್ಕೆ ಕತ್ತರಿಸಿ ಅರದಿಂದ ಉಜ್ಜಿ ನಯ ಮಾಡಿರುತ್ತಿದ್ದರು. ಎಂಥ ಸೆಖೆಯಲ್ಲೂ ತುಂಬುತೋಳಿನ ಅಂಗಿ. ಮಾತಾಡುತ್ತ ಮಾತಾಡುತ್ತ ಮಣಿಕಟ್ಟಿನ ಒಳಭಾಗವನ್ನು ಮೇಜಿನ ಅಂಚಿಗೆ ಮೆಲ್ಲಗೆ ಒತ್ತಿ ಉಜ್ಜುವರು. ತೀರ ಹೆಚ್ಚಾದರೆ ತಣ್ಣೀರು ತುಂಬಿದ ಹಿತ್ತಾಳೆ ಚೊಂಬನ್ನು ಮೊಣಕೈಯ ಮಡಿಕೆಯಲ್ಲಿ ಇಟ್ಟುಕೊಂಡು, ಅದೇ ಸ್ಥಿತಿಯಲ್ಲಿ ರೋಗಿಯ ನಾಲಿಗೆ ನೋಡುವರು. ಹೊಸಬರಿಗೆ ಅದು ವಿಚಿತ್ರ ಕಾಣುತ್ತಿತ್ತು. ಹಳಬರು ಅಭ್ಯಾಸ ಮಾಡಿಕೊಂಡರು.

ತುರಿಕೆ ಎಂದು ಬಂದವರನ್ನು ಬೇರೆ ಡಾಕ್ಟರುಗಳು ಸಾಲಿನ ಕೊನೆಗೆ ಕಳಿಸುವುದನ್ನು ನಾನು ಕಂಡಿದ್ದೆ. ಸಾಯುವ ರೋಗವಲ್ಲ, ಒಂದಿಷ್ಟು ಗಂಧಕದ ಮುಲಾಮು ಕೊಟ್ಟರೆ ಆಯಿತು ಎನ್ನುವ ಧೋರಣೆ. ಇವರು ಹಾಗೆ ಮಾಡುತ್ತಿರಲಿಲ್ಲ. ಬೆರಳ ಸಂದಿಯನ್ನು ಬಿಡಿಸಿ ನೋಡಿ, ಕಜ್ಜಿಯಾದರೆ ಗಂಧಕ ಕೊಟ್ಟು ಮನೆಯವರಿಗೆಲ್ಲ ಹಚ್ಚಲು ಹೇಳುವರು. ಮೊಣಕೈ ಮಡಿಕೆ, ಮಂಡಿಯ ಹಿಂಭಾಗ, ಕುತ್ತಿಗೆಗಳಲ್ಲಿ ಒಣಗಿ ಒಡೆದ ಚರ್ಮ, ಎಂದರೆ ಇಸಬು, ಕಂಡರೆ ಕುರ್ಚಿಯನ್ನು ಹತ್ತಿರ ಎಳೆದುಕೊಳ್ಳುವರು. ಆಗ ಪ್ರಶ್ನೆಗಳು ಶುರು. ಯಾವ ಹೊತ್ತಿಗೆ ಜಾಸ್ತಿ? ಬಚ್ಚಲಿಂದ ಬಂದ ಮೇಲಾ, ಬೆವರಿದ ಮೇಲಾ? ಮನೇಲಿ ಯಾರಿಗಾದ್ರೂ ಉಬ್ಬಸ ಇದೆಯಾ? ಉಬ್ಬಸಕ್ಕೂ ಇಸಬಿಗೂ ಏನು ಸಂಬಂಧ ಎಂದು ಕೇಳಿದರೆ, "ಗೊತ್ತಿಲ್ಲ. ನಮ್ಮಮ್ಮಂಗೆ ಉಬ್ಬಸ, ನಂಗೆ ಇದು. ಬಹಳ ಮನೆಗಳಲ್ಲಿ ಹಾಗೇ ಇದೆ" ಎನ್ನುವರು. ಗೊತ್ತಿಲ್ಲ ಎನ್ನುವ ಮಾತನ್ನು ಅಷ್ಟು ಸರಾಗವಾಗಿ ಆಡುವ ಡಾಕ್ಟರನ್ನು ನಾನು ಬೇರೆ ನೋಡಿಲ್ಲ.

"ತುರಿಸಬೇಡಿ" ಎಂದು ಅವರು ಯಾರಿಗೂ ಹೇಳಿದ್ದಿಲ್ಲ. ಮಗುವಿನ ಕೈಗೆ ಹೊಡೆದು ತುರಿಕೆ ಬಿಡಿಸುತ್ತಿದ್ದ ತಾಯಿಯೊಬ್ಬಳಿಗೆ ಒಮ್ಮೆ ಹೇಳಿದರು, "ಉಸಿರಾಡ್ಬೇಡ ಅಂದ ಹಾಗಾಯ್ತಲ್ಲ ತಾಯಿ. ಉಗುರು ಕತ್ತರಿಸು. ಕೈಗೆ ಬಟ್ಟೆ ಚೀಲ ಕಟ್ಟು. ಬೈಬೇಡ."

ಬೆಂಚು ಖಾಲಿಯಾದ ಮಧ್ಯಾಹ್ನಗಳಲ್ಲಿ ಅವರು ತಮ್ಮ ತೋಳಿನ ಮೇಲೆ ತಾವೇ ಪರೀಕ್ಷೆ ನಡೆಸುತ್ತಿದ್ದರು. ಮೊಂಡು ಸೂಜಿಯಿಂದ ಗೆರೆ ಎಳೆದು, ಅದು ಕೆಂಪಾಗಿ, ದಪ್ಪಗಾಗಿ, ಸುತ್ತ ಹರಡುವುದನ್ನು ನೋಡುತ್ತ ಕೂರುವರು. ತುರಿಕೆ ಎಂದರೆ ಸಣ್ಣ ಪ್ರಮಾಣದ ನೋವು ಎಂದು ಅವರು ಓದಿದ ಪುಸ್ತಕಗಳಲ್ಲಿ ಇತ್ತಂತೆ. ಅದನ್ನು ಅವರು ಒಪ್ಪುತ್ತಿರಲಿಲ್ಲ.

"ಬೆಂಕಿ ತಾಗಿದ್ರೆ ಕೈ ಹಿಂದಕ್ಕೆ ಬರ್ತದೆ. ತುರಿಕೆ ಆದ್ರೆ ಕೈ ಅಲ್ಲಿಗೇ ಹೋಗ್ತದೆ. ಎರಡೂ ಒಂದೇ ಆಗಿದ್ರೆ ಹೀಗೆ ಎಂತಕ್ಕೆ, ನರ್ಸಮ್ಮ?"

ಸೂಜಿ ಕೆಳಗಿಟ್ಟು ಅವರೇ ಮುಂದುವರಿಸಿದರು.

"ತುರಿಸೋದು ಅಂದ್ರೆ ಅದರ ಮೇಲೊಂದು ನೋವು ಹಾಕೋದು. ನೋವಿನ ಎದುರು ತುರಿಕೆ ಸುಮ್ನಾಗ್ತದೆ, ಸ್ವಲ್ಪ ಹೊತ್ತು. ಅಷ್ಟರಲ್ಲಿ ಚರ್ಮ ಗಾಯ ಆಗಿರ್ತದೆ. ಗಾಯದಿಂದ ಏನೋ ಒಂದು ರಸ ಹೊರಡ್ತದೆ, ಅದು ಮತ್ತೆ ತುರಿಕೆ ಎಬ್ಬಿಸ್ತದೆ. ಸುತ್ತು ಮುಗಿಯೋದೇ ಇಲ್ಲ."

ನೋವಿಗೊಂದು, ತುರಿಕೆಗೊಂದು ಬೇರೆಬೇರೆ ನರಗಳೇ ಇರಬೇಕು ಎನ್ನುವುದು ಅವರ ಊಹೆ. ನನ್ನ ನಿವೃತ್ತಿಯ ಹೊತ್ತಿಗೆ ಎಳೆಯ ಡಾಕ್ಟರೊಬ್ಬರು ಹೆಚ್ಚುಕಡಿಮೆ ಇದೇ ಮಾತನ್ನು ಹೊಸ ಸಂಗತಿಯೆಂಬಂತೆ ನನಗೆ ವಿವರಿಸಿದರು. ನಾನು ಕೇಳಿಸಿಕೊಂಡೆ.

ಅವರ ಹೆಸರು ಹಬ್ಬಿದ್ದು ಒಂದು ಸಣ್ಣ ಪ್ರಕರಣದಿಂದ. ಹತ್ತಿರದ ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರ್ ಒಬ್ಬರಿಗೆ ಕತ್ತಿನ ಹಿಂಭಾಗದಲ್ಲಿ ನೀರೊಡೆಯುವ ಗುಳ್ಳೆಗಳೆದ್ದು, ನಾಗದೋಷವೆಂದು ನಾಗನಿಗೆ ಹಾಲಿನ ತನು ಎರೆಸಿ, ಹೊರನಾಡಿಗೆ ಹರಕೆ ಹೊತ್ತು, ಕೊನೆಗೆ ಆಸ್ಪತ್ರೆಗೆ ಬಂದರು. ಡಾಕ್ಟರು ಕತ್ತು ನೋಡಿದವರು ಅಂಗಿ ಬಿಚ್ಚಿಸಿ ಕಾಲರನ್ನು ತಿರುಗಿಸಿದರು. ಅಲ್ಲಿ ಮಡಿವಾಳ ಗುರುತಿಗೆಂದು ಹಾಕಿದ ಕಪ್ಪು ಚುಕ್ಕೆಗಳಿದ್ದವು, ಚೇರಿನ ಕಾಯಿಯ ರಸದವು. ಚುಕ್ಕೆ ಇದ್ದಲ್ಲೇ ಗುಳ್ಳೆ. ಚೇರಿನ ಮರದ ಕೆಳಗೆ ಹೋದರೆ ಮೈ ಊದುತ್ತದೆಂದು ನಮ್ಮ ಕಡೆ ಎಲ್ಲರಿಗೂ ಗೊತ್ತು. ಅದು ಅಂಗಿಯ ಮೇಲೆ ಕೂತು ಬಂದದ್ದು ಯಾರಿಗೂ ಹೊಳೆದಿರಲಿಲ್ಲ. ಗುರುತನ್ನು ಅಂಗಿಯ ಕೆಳತುದಿಗೆ ಹಾಕಿಸಿದ ಮೇಲೆ ಕತ್ತು ವಾಸಿಯಾಯಿತು. ರೈಟರ್ ಸಿಕ್ಕವರಿಗೆಲ್ಲ ಹೇಳಿಕೊಂಡು ಬಂದರು. ಇವರನ್ನು ಜನ ಇಸಬಿನ ಡಾಕ್ಟರು ಎಂದು ಕರೆಯತೊಡಗಿದ್ದು ಆಗಲೇ.

"ಅವ್ರದ್ದು ಹೊರಗಿಂದ ಬಂದದ್ದು, ಹೊರಗೇ ಬಿಡ್ಬಹುದು. ನನ್ನಂಥವ್ರದ್ದು ಹುಟ್ಟಿನಿಂದ ಬಂದದ್ದು. ಚರ್ಮವೇ ಸಡಿಲ" ಎಂದರು ನನಗೆ. ಅಲ್ಲೇ ಕೂತಿದ್ದ ಎಸ್ಟೇಟಿನ ಮೇಸ್ತ್ರಿಗೆ ಅರ್ಥವಾಗಲೆಂದು ಸೇರಿಸಿದರು, "ಪಾರ್ಚ್‌ಮೆಂಟ್ ಸಿಪ್ಪೆ ಒಡೆದ ಕಾಫಿ ಬೀಜ ಇದೆಯಲ್ಲ, ಅದು ಹೇಗೆ ತೇವ ಎಳ್ಕೊಳ್ತದೆ, ಬೇಗ ಒಣಗ್ತದೆ, ಹುಳ ಹಿಡೀತದೆ? ಹಾಗೆ."

ಅವರಲ್ಲಿ ಒಂದು ದೌರ್ಬಲ್ಯ ಇತ್ತು. ಬಿಸಿನೀರು ಹೊಯ್ದುಕೊಳ್ಳಬೇಡಿ ಎಂದು ಎಲ್ಲರಿಗೂ ಹೇಳುತ್ತಿದ್ದರು. ಇಸಬಿನ ಮೇಲೆ ಸುಡುವ ನೀರು ಬಿದ್ದರೆ ಆ ಕ್ಷಣಕ್ಕೆ ಸ್ವರ್ಗ, ಆಮೇಲೆ ಚರ್ಮದ ಎಣ್ಣೆಯೆಲ್ಲ ಹೋಗಿ ಎರಡರಷ್ಟು ತುರಿಕೆ. ಇದನ್ನು ಬಿಡಿಸಿ ಹೇಳುತ್ತಿದ್ದವರೇ ವಾರಕ್ಕೊಮ್ಮೆ ಹಂಡೆಗೆ ಉರಿ ಹಾಕಿಸಿ, ಬಚ್ಚಲಿನ ಬಾಗಿಲು ಹಾಕಿಕೊಂಡು, ಕೈ ಇಡಲಾಗದಂಥ ನೀರನ್ನು ತೋಳಿನ ಮೇಲೆ ಹೊಯ್ದುಕೊಳ್ಳುತ್ತಿದ್ದರು. ಮರುದಿನ ತೋಳು ರಸ ಸುರಿಸುತ್ತಿತ್ತು. ಪಟ್ಟಿ ಕಟ್ಟುವವಳು ನಾನು. ಯಾಕೆ ಎಂದು ಒಮ್ಮೆ ಕೇಳಿದ್ದಕ್ಕೆ, "ಗೊತ್ತಿದ್ದೂ ಮಾಡಿದೆ" ಎಂದರು. ಮುಂದಿನ ವಾರವೂ ಮಾಡಿದರು.

ಈಗ ದೊಡ್ಡಮನೆಯ ವಿಷಯ ಹೇಳಬೇಕು.

ಸಂಸೆಯ ಕಡೆ ಒಂದು ಕಾಫಿ ತೋಟದವರ ಮನೆ. ಯಜಮಾನರು ತೀರಿಹೋಗಿ, ಅವರ ಹೆಂಡತಿ ತೋಟವನ್ನೂ ಮನೆಯನ್ನೂ ನಡೆಸುತ್ತಿದ್ದರು. ಎಲ್ಲರೂ ಅವರನ್ನು ದೊಡ್ಡಮ್ಮ ಎನ್ನುತ್ತಿದ್ದರು. ಅವರ ಸೊಸೆಯ ಹೆರಿಗೆ ಮಾಡಿಸಿದವಳು ನಾನು. ಮಗುವಿಗೆ ಹಲ್ಲು ಬರುವ ಹೊತ್ತಿಗೆ, ಕಾಫಿ ಹಣ್ಣಿನ ಕುಯ್ಲಿನ ಕಾಲದಲ್ಲಿ, ನನಗೆ ಅಲ್ಲಿಂದ ಕರೆ ಬಂತು. ಹೋಗಿ ನೋಡಿದರೆ ಸೊಸೆ ಮನೆಯೊಳಗೆ ಇರಲಿಲ್ಲ. ಕಣದ ಆಚೆ, ಕಾಫಿ ಮೂಟೆ ಇಡುವ ಕೋಣೆಯಲ್ಲಿ ಚಾಪೆ ಹಾಕಿ ಇಟ್ಟಿದ್ದರು. ಎರಡೂ ಕೈ, ಕುತ್ತಿಗೆ, ಕಿವಿಯ ಹಿಂದೆ ಚರ್ಮ ದಪ್ಪಗಟ್ಟಿ, ಕಪ್ಪಾಗಿ, ಅಲ್ಲಲ್ಲಿ ಒಡೆದು ಒಸರುತ್ತಿತ್ತು. ಕುಷ್ಠ ಎಂದು ತೀರ್ಮಾನವಾಗಿತ್ತು. ಮಗುವನ್ನು ಅವಳಿಂದ ಬೇರೆ ಮಾಡಿ ಹಸುವಿನ ಹಾಲು ಕುಡಿಸುತ್ತಿದ್ದರು.

"ನಂಗೆ ಚಿಕ್ಕಂದಿನಲ್ಲೂ ಇತ್ತು ನರ್ಸಮ್ಮ, ಮೊಣಕೈಯಲ್ಲಿ. ಹೋಗಿತ್ತು" ಎಂದಳು. ಮತ್ತೆ ಕೇಳಿದಳು, "ನಾನು ಮಗೂನ ಮುಟ್ಬಹುದಾ?"

ನಾನು ಡಾಕ್ಟರನ್ನು ಕರೆದುಕೊಂಡು ಹೋದೆ. ದೊಡ್ಡಮ್ಮ ಜಗುಲಿಯಲ್ಲಿ ಕೂರಿಸಿ ಕಾಫಿ ಕೊಟ್ಟರು. ಅವರು ಒರಟು ಹೆಂಗಸಲ್ಲ. ಮಾತು ಮಾತ್ರ ನೇರ.

"ನೋಡಿ ಡಾಕ್ಟ್ರೆ, ಹುಡುಗಿ ಮೇಲೆ ನಂಗೆ ದ್ವೇಷ ಇಲ್ಲ. ಮನೆ ತುಂಬ ಮಕ್ಕಳಿದಾವೆ. ಆಳುಗಳು ಆಗ್ಲೇ ಮಾತಾಡ್ತಿದಾರೆ. ಕುಯ್ಲು ಮುಗೀಲಿ, ಕೊಪ್ಪದ ಹತ್ರ ಅವಳ ಅಪ್ಪನ ಮನೆಗೆ ಬಿಟ್ಟು ಬರೋದು ಅಂತ ಮಾಡಿದೀವಿ. ಮಗು ಇಲ್ಲೇ ಇರ್ಲಿ. ಮಗನಿಗೆ ಬೇರೆ ನೋಡ್ತೀವಿ."

ಮಗ ಕಂಬಕ್ಕೆ ಒರಗಿ ನಿಂತಿದ್ದ. ಅವನು ಕಣದಲ್ಲಿ ಒಣಗುತ್ತಿದ್ದ ಕಾಫಿಯನ್ನೇ ನೋಡುತ್ತಿದ್ದ.

ಡಾಕ್ಟರು ಸೊಸೆಯನ್ನು ಬೆಳಕಿಗೆ ಕರೆಸಿ, ಕಣ್ಣು ಮುಚ್ಚಲು ಹೇಳಿದರು. ಒಮ್ಮೆ ಸೂಜಿಯ ಮೊನೆಯಿಂದ, ಒಮ್ಮೆ ಹತ್ತಿಯ ಎಳೆಯಿಂದ ಅವಳ ಕೈ, ಕುತ್ತಿಗೆ, ಕಿವಿಯ ಹಿಂದೆಲ್ಲ ಮುಟ್ಟಿದರು. ಮುಟ್ಟಿದ ಪ್ರತಿಸಲವೂ ಅವಳು ಸರಿಯಾಗಿ ಹೇಳಿದಳು.

"ಕುಷ್ಠ ಆದ್ರೆ ಅಲ್ಲಿ ಮುಟ್ಟಿದ್ದೇ ಗೊತ್ತಾಗಲ್ಲ ದೊಡ್ಡಮ್ಮ. ಅಲ್ಲಿಯ ನರ ಸತ್ತಿರ್ತದೆ. ಇವ್ರಿಗೆ ಹತ್ತಿ ಸೋಕಿದ್ರೂ ಗೊತ್ತಾಗ್ತದೆ. ಗೊತ್ತಾಗೋದು ಜಾಸ್ತಿ ಆಗಿದೆ, ಅದೇ ಇವ್ರ ಕಷ್ಟ. ಇದು ಇಸಬು. ಅಂಟೋದಲ್ಲ. ಮಗು ಹಾಲು ಕುಡೀಬಹುದು."

"ವಾಸಿ ಆಗ್ತದಾ?"

"ಇಲ್ಲ. ಕಡಿಮೆ ಆಗ್ತದೆ, ಮತ್ತೆ ಬರ್ತದೆ. ಬಂದಾಗ ಎಂತ ಮಾಡ್ಬೇಕು ಅಂತ ಹೇಳಿಕೊಡ್ತೀನಿ."

ಬೇರೆ ಯಾವ ಡಾಕ್ಟರಾದರೂ ಅಲ್ಲಿ ವಾಸಿಯಾಗುತ್ತದೆ ಎಂದೇ ಹೇಳುತ್ತಿದ್ದರು. ದೊಡ್ಡಮ್ಮನ ಮುಖ ಬಿಗಿಯಿತು. ಅವರ ಕಣ್ಣು ಆಗಲೇ ಡಾಕ್ಟರ ಮಣಿಕಟ್ಟಿನ ಮೇಲಿತ್ತು. ಅಂಗಿಯ ತೋಳು ಸ್ವಲ್ಪ ಸರಿದಿತ್ತು.

"ನಿಮ್ಗೂ ಅದೇ ಇದ್ದ ಹಾಗಿದೆಯಲ್ಲ."

ಅವರು ಮುಚ್ಚಿಕೊಳ್ಳಬಹುದಿತ್ತು. ಗುಂಡಿ ಬಿಚ್ಚಿ ಎರಡೂ ತೋಳುಗಳನ್ನು ಭುಜದವರೆಗೆ ಮಡಿಸಿ ತೋರಿಸಿದರು. ಅಷ್ಟು ದಿನ ಪಟ್ಟಿ ಕಟ್ಟಿದ ನನಗೂ ಹಗಲ ಬೆಳಕಿನಲ್ಲಿ ಅದನ್ನು ನೋಡುವುದು ಕಷ್ಟವಾಯಿತು.

"ಹೌದು. ಹಾಲು ಕುಡಿಯೋ ಕಾಲದಿಂದ ಇದೆ. ಕುಷ್ಠ ಆಗಿದ್ರೆ ಇಷ್ಟು ವರ್ಷಕ್ಕೆ ಬೆರಳು ಉಳೀತಿರ್ಲಿಲ್ಲ. ನನ್ನ ಜೊತೆ ಊಟ ಮಾಡಿದವ್ರು, ಮಲಗಿದವ್ರು ಯಾರಿಗೂ ಬಂದಿಲ್ಲ. ಆದ್ರೂ ಇದು ನೋಡಿ ಯಾರೂ ನಂಗೆ ಹೆಣ್ಣು ಕೊಡ್ಲಿಲ್ಲ. ಇವ್ರಿಗೆ ಹಾಗೆ ಆಗೋದು ಬೇಡ ಅಂತ ತೋರಿಸ್ತಿದೀನಿ."

ಮದುವೆಯ ವಿಷಯ ಅವರ ಬಾಯಲ್ಲಿ ನಾನು ಕೇಳಿದ್ದು ಅದೇ ಮೊದಲು. ಔಷಧದ ಅಳತೆ ಹೇಳುವ ದನಿಯಲ್ಲೇ ಹೇಳಿದರು.

"ಹೆಣ್ಣು ಕೊಡ್ಲಿಲ್ಲ ಅಂದ್ರೆ, ಅವ್ರಿಗೂ ಅನುಮಾನ ಇತ್ತು ಅಂತಾಯ್ತು" ಎಂದರು ದೊಡ್ಡಮ್ಮ. ಎದ್ದು ಒಳಗೆ ಹೋದರು. ಡಾಕ್ಟರು ಕುಡಿದ ಲೋಟವನ್ನು ಕೆಲಸದವಳು ಎರಡು ಬೆರಳಲ್ಲಿ ಹಿಡಿದು ಅಂಗಳದ ಮೂಲೆಗೆ ಒಯ್ದಳು.

ಹೊರಡುವಾಗ ಡಾಕ್ಟರು ಮಗನಿಗೆ ಮುಲಾಮು ಕೊಟ್ಟರು. ಯುದ್ಧದಿಂದಾಗಿ ವ್ಯಾಸಲೀನೂ ಇಲ್ಲ, ಡಬ್ಬಿಯೂ ಇಲ್ಲ. ಕೊಬ್ಬರಿ ಎಣ್ಣೆಗೆ ಕಾಡುಜೇನಿನ ಮೇಣ ಕರಗಿಸಿ, ಸತುವಿನ ಪುಡಿ, ಅಕ್ಕಿಹಿಟ್ಟಿನ ಗಂಜಿಪುಡಿ, ಚೂರು ಕಲ್ಲಿದ್ದಲಿನ ಡಾಮರು ಸೇರಿಸಿ ಅವರೇ ಕಲಸುತ್ತಿದ್ದರು. ಬಿದಿರಿನ ಸಣ್ಣ ಅಂಡೆಯಲ್ಲಿ ತುಂಬಿ ಕೊಡುವುದು. ಪಾತ್ರೆ ತಿಕ್ಕುವ ಬೂದಿ, ಸೀಗೆಪುಡಿ ಅವಳ ಕೈಗೆ ತಾಗಬಾರದು, ಸ್ನಾನದ ನೀರು ಉಗುರುಬೆಚ್ಚಗಿರಬೇಕು, ಮೈಯಲ್ಲಿ ಇನ್ನೂ ಪಸೆ ಇರುವಾಗಲೇ ಎಣ್ಣೆ ಹಚ್ಚಬೇಕು, ಒಸರುವ ಕಡೆ ಹಳೆಯ ಹತ್ತಿಬಟ್ಟೆಯನ್ನು ಒದ್ದೆ ಮಾಡಿ ಸುತ್ತಬೇಕು ಎಂದೆಲ್ಲ ಹೇಳಿದರು. ಅವನು ಅಂಡೆಯನ್ನು ಕೋಟಿನ ಜೇಬಿಗೆ ಇಳಿಸಿಕೊಂಡ. ಅಮ್ಮನ ಎದುರು ಬಾಯಿ ಬಿಡದ ಆ ಮನುಷ್ಯ ದಿನಾ ಬೆಳಗ್ಗೆ ತೋಟಕ್ಕೆ ಹೋಗುವ ಮುಂಚೆ ಮೂಟೆ ಕೋಣೆಗೆ ಹೋಗಿ ಹೆಂಡತಿಯ ಕೈಗೆ ಬಟ್ಟೆ ಸುತ್ತಿ ಬರುತ್ತಿದ್ದನೆಂದು ನನಗೆ ಆಮೇಲೆ ತಿಳಿಯಿತು.

ಇತ್ತ ಸುದ್ದಿ ನಮಗಿಂತ ಮೊದಲೇ ಆಸ್ಪತ್ರೆಗೆ ಬಂದಿತ್ತು. ಡಾಕ್ಟರಿಗೇ ಕುಷ್ಠವಂತೆ, ತೋಳು ಬಿಚ್ಚಿ ತೋರಿಸಿದರಂತೆ. ಬೆಂಚು ದಿನೇದಿನೇ ಖಾಲಿಯಾಯಿತು. ಜ್ವರದವರು ನನ್ನನ್ನು ಹೊರಗೆ ಕರೆದು ಕ್ವಿನೈನ್ ಕೇಳುತ್ತಿದ್ದರು. ಸಂತೆಗೆ ಹೋದರೆ ಅಂಗಡಿಯವನು ಡಾಕ್ಟರಿಗೆ ಸಾಮಾನನ್ನು ಕೈಗೆ ಕೊಡದೆ ಹಲಗೆಯ ಮೇಲೆ ಇಡುತ್ತಿದ್ದ. ಅವರಿಂದ ಗಂಧಕ, ಕ್ವಿನೈನ್ ಎಲ್ಲ ಪಡೆದು ಬದುಕಿದವರೇ ಸೇರಿ, ಅವರನ್ನು ಇಲ್ಲಿಂದ ತೆಗೆಯಬೇಕೆಂದು ಮೇಲಿನವರಿಗೆ ಅರ್ಜಿ ಹಾಕಿದರು. ರೈಟರ್ ಅದಕ್ಕೆ ಸಹಿ ಹಾಕಲಿಲ್ಲ ಎಂದು ಕೇಳಿದೆ. ಆದರೆ ಬೇಡವೆಂದು ಅವರು ಬಾಯಿಬಿಟ್ಟೂ ಹೇಳಲಿಲ್ಲ.

ನನಗೆ ಸಿಟ್ಟು ಬಂದಿತ್ತು. "ನೀವು ಅವತ್ತು ತೋರಿಸ್ಬಾರದಿತ್ತು" ಎಂದೆ.

"ತೋರಿಸದಿದ್ರೆ ಆ ಹುಡುಗಿ ಒಬ್ಬಳೇ ಆಗ್ತಿದ್ಲು" ಎಂದರು. ಮೇಜಿನ ಅಂಚಿಗೆ ಮಣಿಕಟ್ಟು ಒತ್ತುತ್ತ, "ಆದ್ರೆ ಇಬ್ರೂ ಮುಳುಗಿದೆವು ಅಂತ ಕಾಣ್ತದೆ" ಎಂದು ಸೇರಿಸಿದರು.

ಆ ದಿನಗಳಲ್ಲಿ ಅವರ ಮೈ ಇನ್ನಷ್ಟು ಕೆಟ್ಟಿತು. ಮನಸ್ಸು ಕೆಟ್ಟರೆ ಚರ್ಮ ಕೆಡುತ್ತದೆಂದು ಅವರೇ ಹೇಳುತ್ತಿದ್ದರು. ಹೇಗೆಂದು ಅವರಿಗೂ ಗೊತ್ತಿರಲಿಲ್ಲ. ಒಣಗಾಳಿ ಬೇರೆ. ಬೆಳಿಗ್ಗೆ ಅವರ ಹಾಸಿಗೆಯ ಬಟ್ಟೆಯಲ್ಲಿ ರಕ್ತದ ಕಲೆಗಳಿರುತ್ತಿದ್ದವು. ಒಗೆಯಲು ಹಾಕುವ ಮುಂಚೆ ಅವರೇ ನೆನೆಹಾಕಿ ತೊಳೆದುಬಿಡುತ್ತಿದ್ದರು.

ಕುಯ್ಲಿನ ಕೊನೆಯ ಸುತ್ತು ನಡೆಯುತ್ತಿದ್ದಾಗ ಚಿಕ್ಕಮಗಳೂರಿನಿಂದ ದೊಡ್ಡ ಡಾಕ್ಟರು ವಿಚಾರಣೆಗೆ ಬಂದರು. ಒಳ್ಳೆಯ ಮನುಷ್ಯ, ಸಂಕೋಚದ ಸ್ವಭಾವ. ಆಸ್ಪತ್ರೆಯ ಎದುರು ಜನ ಸೇರಿದ್ದನ್ನು ನೋಡಿ, "ಬಾಗಿಲು ಹಾಕಿಸಿ, ಒಳಗೆ ನೋಡೋಣ" ಎಂದರು.

"ತೆಗೆದೇ ಇರ್ಲಿ ಸರ್" ಎಂದರು ನಮ್ಮ ಡಾಕ್ಟರು. "ಅವ್ರೂ ನೋಡ್ಲಿ. ಮುಚ್ಚಿದ್ರೆ ನೀವು ಹೇಳಿದ್ದನ್ನೂ ನಂಬಲ್ಲ."

ಅಂಗಿ ಕಳಚಿ, ಜಗುಲಿಯಲ್ಲೇ ಸ್ಟೂಲಿನ ಮೇಲೆ ಗೋಡೆಗೆ ಮುಖ ಮಾಡಿ ಕೂತರು. ಜನ ಕತ್ತು ಚಾಚಿದರು. ದೊಡ್ಡ ಡಾಕ್ಟರು ಸೂಜಿ ಹಿಡಿದು ಪರೀಕ್ಷೆ ಶುರು ಮಾಡಿದರು. ಚುಚ್ಚಿದಾಗಲೆಲ್ಲ ನಮ್ಮವರು "ಹೌದು" ಎನ್ನುತ್ತಿದ್ದರು. ಅಷ್ಟರಲ್ಲಿ ಗುಂಪು ಎರಡಾಗಿ ದಾರಿ ಬಿಟ್ಟಿತು. ದೊಡ್ಡಮ್ಮ ಬಂದಿದ್ದರು. ಅವರು ಆಸ್ಪತ್ರೆಯ ಮೆಟ್ಟಿಲು ಹತ್ತಿದ್ದು ಅದೇ ಮೊದಲು.

"ಅದನ್ನ ನಂಗೆ ಕೊಡಿ" ಎಂದು ಕೈ ಚಾಚಿದರು.

ದೊಡ್ಡ ಡಾಕ್ಟರಿಗೆ ಅರ್ಥವಾಗಲಿಲ್ಲ.

"ಸೂಜಿ ಕೊಡಿ. ನೀವೂ ಡಾಕ್ಟ್ರು, ಅವ್ರೂ ಡಾಕ್ಟ್ರು. ನಾನೇ ನೋಡ್ತೀನಿ."

ದೊಡ್ಡ ಡಾಕ್ಟರು ನಮ್ಮವರ ಬೆನ್ನಿನ ಕಡೆ ನೋಡಿದರು. ಮುಖ ತಿರುಗಿಸದೆಯೇ ಇವರು, "ಕೊಡಿ ಸರ್" ಎಂದರು.

ದೊಡ್ಡಮ್ಮ ಕನ್ನಡಕ ಸರಿಮಾಡಿಕೊಂಡು, ಎಲ್ಲಿ ಚರ್ಮ ತೀರ ದಪ್ಪಗಟ್ಟಿ ಕಪ್ಪಾಗಿತ್ತೋ ಅಲ್ಲೇ, ಮೊಣಕೈಯ ಮೇಲೆ ಚುಚ್ಚಿದರು.

"ಈಗ?"

"ಚುಚ್ಚಿದ್ರಿ."

ಇನ್ನೊಂದು ತೋಳು. "ಈಗ?"

"ಚುಚ್ಚಿದ್ರಿ. ಮೆಲ್ಲಗೆ."

ದೊಡ್ಡಮ್ಮ ಸೂಜಿಯನ್ನು ಚರ್ಮದ ಹತ್ತಿರಕ್ಕೆ ತಂದು, ತಾಗಿಸದೆ ಹಾಗೇ ಹಿಡಿದು ನಿಂತರು.

"ಈಗ?"

ಡಾಕ್ಟರು ಕಾದರು. "ಇಲ್ಲ" ಎಂದರು. "ಈಗ ನೀವು ಮುಟ್ಟಲಿಲ್ಲ."

ದೊಡ್ಡಮ್ಮ ಸೂಜಿಯನ್ನು ನನ್ನ ಕೈಗೆ ಕೊಟ್ಟು ಜನರ ಕಡೆ ತಿರುಗಿದರು. "ಇವ್ರಿಗೆ ಗೊತ್ತಾಗ್ತದೆ" ಎಂದರು. ಅಷ್ಟು ಹೇಳಿ ಮೆಟ್ಟಿಲಿಳಿದು ಹೋದರು. ಡಾಕ್ಟರ ಹತ್ತಿರ ಕ್ಷಮೆ ಕೇಳಲಿಲ್ಲ. ಅವರ ಸ್ವಭಾವದಲ್ಲಿ ಅದು ಇರಲಿಲ್ಲ.

ಮನೆಯಲ್ಲಿ ನಡೆದದ್ದನ್ನು ಸೊಸೆ ನನಗೆ ಹೇಳಿದಳು. "ಅತ್ತೆ ಸೀದಾ ಮೂಟೆ ಕೋಣೆಗೆ ಬಂದ್ರು. ಕಣ್ಣು ಮುಚ್ಚು ಅಂದ್ರು. ಹೊಲಿಗೆ ಸೂಜೀಲಿ ಅಲ್ಲಲ್ಲಿ ಚುಚ್ಚಿದ್ರು, ಕೇಳಿದ್ರು, ಹೇಳ್ದೆ. ಹೊರಗೆ ಹೋದ್ರು. ನಾನು ಇನ್ನೂ ಕಣ್ಣು ಬಿಟ್ಟಿರ್ಲಿಲ್ಲ ನರ್ಸಮ್ಮ, ಮಗು ತಂದು ತೊಡೆ ಮೇಲೆ ಹಾಕಿದ್ರು."

ಅವಳ ಹಾಲು ಅಷ್ಟರಲ್ಲಿ ಹೆಚ್ಚುಕಡಿಮೆ ಬತ್ತಿಹೋಗಿತ್ತು. ಮಗು ಅವಳನ್ನು ಮರೆತು ಮೊದಲ ದಿನ ಅತ್ತಿತಂತೆ. ಆಮೇಲೆ ಸರಿಹೋಯಿತು. ಅವಳ ಕೈ ಬೇಸಿಗೆಯ ಹೊತ್ತಿಗೆ ಮೆತ್ತಗಾಯಿತು, ಮುಂದಿನ ಚಳಿಗೆ ಮತ್ತೆ ಒಡೆಯಿತು. ಆಗ ದೊಡ್ಡಮ್ಮನೇ ಆಳಿನ ಕೈಯಲ್ಲಿ ಖಾಲಿ ಬಿದಿರಿನ ಅಂಡೆ ಕಳಿಸಿದರು, ಮುಲಾಮು ತುಂಬಿಸಿ ತರಲು.

ಬೆಂಚು ಮತ್ತೆ ತುಂಬಿತು. ಆದರೆ ಅರ್ಜಿ ಎನ್ನುವುದು ಒಮ್ಮೆ ಹೊರಟರೆ ತನ್ನ ಪಾಡಿಗೆ ಮುಂದುವರಿಯುತ್ತದೆ. ದೊಡ್ಡ ಡಾಕ್ಟರು ಒಳ್ಳೆಯ ವರದಿ ಬರೆದರೂ, ಮರುವರ್ಷ ವರ್ಗದ ಆಜ್ಞೆ ಬಂತು, ಬಯಲುಸೀಮೆಯ ಒಣ ಊರಿಗೆ. ಆ ಗಾಳಿ ಅವರ ಮೈಗೆ ಆಗುವುದಿಲ್ಲವೆಂದು ಗೊತ್ತಿದ್ದೂ ಅವರು ಬದಲಾವಣೆ ಕೇಳಿಕೊಳ್ಳಲಿಲ್ಲ. ಹೊರಡುವ ಮುಂಚೆ ಮುಲಾಮು ಕಲಸುವುದನ್ನು ನನಗೆ ಮಾಡಿಸಿ ನೋಡಿದರು. "ಮೇಣ ಸ್ವಲ್ಪ ಜಾಸ್ತಿ ಆಯ್ತು" ಎಂದರು. ಬಸ್ಸು ಹತ್ತಿದರು.

ಅವರನ್ನು ಮತ್ತೆ ನೋಡಿದ್ದು ಯುದ್ಧ ಮುಗಿದ ಮೇಲೆ, ಚಿಕ್ಕಮಗಳೂರಿನ ಬಸ್‌ಸ್ಟ್ಯಾಂಡಿನಲ್ಲಿ. ನಾನು ಮೂಡಿಗೆರೆ ಬಸ್ಸಿಗೆ ಕಾಯುತ್ತಿದ್ದೆ. ಯುದ್ಧಕಾಲದಲ್ಲಿ ಪೆಟ್ರೋಲ್ ಇಲ್ಲದೆ ಬಂದ, ಇದ್ದಿಲ ಗ್ಯಾಸಿನಲ್ಲಿ ಓಡುವ ಬಸ್ಸುಗಳು ಇನ್ನೂ ಇದ್ದವು. ಹೊಗೆಯ ಮಧ್ಯೆ ಬೆಂಚಿನ ಮೇಲೆ ಯಾರೋ ಮಣಿಕಟ್ಟನ್ನು ಬೆಂಚಿನ ತುದಿಗೆ ಉಜ್ಜುತ್ತಿದ್ದರು. ಮುಖಕ್ಕಿಂತ ಮೊದಲು ಅದನ್ನು ಗುರುತಿಸಿದೆ. ಕೂದಲು ನರೆತಿತ್ತು. ಕಣ್ಣಿನ ಸುತ್ತಲೂ ಈಗ ಇಸಬು ಹಬ್ಬಿತ್ತು.

ಕುಶಲ ಕೇಳುವಷ್ಟೂ ಅವರಿಗೆ ತಾಳ್ಮೆ ಇರಲಿಲ್ಲ. ಜೇಬಿನಿಂದ ಒಂದು ಗಾಜಿನ ಸೀಸೆ ತೆಗೆದು ತೋರಿಸಿದರು. ತಳದಲ್ಲಿ ಕೆಲವೇ ಮಾತ್ರೆಗಳಿದ್ದವು. ಸೈನ್ಯದಿಂದ ಮರಳಿದ ಸಹಪಾಠಿಯೊಬ್ಬರು ಕೊಟ್ಟದ್ದಂತೆ, ವಿದೇಶದ ಹೊಸ ಔಷಧವಂತೆ. ಚರ್ಮಕ್ಕೆ ಗಾಯವಾದಾಗ ಹೊರಡುವ ರಸಕ್ಕೆ ಹಿಸ್ಟಮಿನ್ ಎಂದು ಹೆಸರು, ಈ ಮಾತ್ರೆ ಅದನ್ನು ತಡೆಯುತ್ತದೆ ಎಂದರು.

"ಮೈಮೇಲೆ ದದ್ದುದದ್ದಾಗಿ ಗಂಧೆ ಎದ್ದವ್ರಿಗೆ ಕೊಟ್ಟು ನೋಡ್ದೆ. ಗಂಟೆಯೊಳಗೆ ಮಾಯ. ನಾನೂ ತಗೊಂಡೆ."

"ಕಡಿಮೆ ಆಯ್ತಾ?"

"ನಿದ್ದೆ ಬಂತು. ಚೆನ್ನಾಗಿ ಬಂತು. ತುರಿಕೆ ಇದ್ದ ಹಾಗೇ ಇದೆ."

ನನಗೆ ಬೇಸರವಾಯಿತು. ಅಷ್ಟು ವರ್ಷ ಕಾದ ಔಷಧ. ಅವರ ಮುಖದಲ್ಲಿ ಬೇಸರ ಕಾಣಲಿಲ್ಲ.

"ಅಂದ್ರೆ ಗೊತ್ತಾಯ್ತಾ ನರ್ಸಮ್ಮ? ಗಂಧೆಗೆ ಹಿಸ್ಟಮಿನ್ ಕಾರಣ. ಇಸಬಿಗೆ ಅದಲ್ಲ. ಇದ್ರೂ ಅದೊಂದೇ ಅಲ್ಲ. ಬೇರೆ ಯಾವುದೋ ಇದೆ, ನರಕ್ಕೆ ಸೀದಾ ಹೋಗಿ ಹೇಳೋವಂಥದ್ದು. ಅದನ್ನ ಯಾರಾದ್ರೂ ಹುಡುಕ್ತಾರೆ."

"ಅಲ್ಲಿವರೆಗೆ?"

"ಅಲ್ಲಿವರೆಗೆ ಎಣ್ಣೆ ಹಚ್ಚೋದು."

ಬೆಂಚಿನ ಆ ಕೊನೆಯಲ್ಲಿ ಒಬ್ಬ ಕೂತಿದ್ದ. ಮೊಣಕಾಲಿಗಿಂತ ಕೆಳಗೆ ಇಳಿಬಿಟ್ಟ ಪಂಚೆ, ತಲೆಗೆ ಟವೆಲು, ಮೆಣಸಿನ ವ್ಯಾಪಾರದವನಿರಬೇಕು, ಕಾಲ ಬಳಿ ಒಂದು ಚೀಲ. ಅವನು ಬಹಳ ಹೊತ್ತಿನಿಂದ ಡಾಕ್ಟರ ಕೈಯನ್ನೇ ನೋಡುತ್ತಿದ್ದ. ಈಗ ಎದ್ದು ಹೋಗುತ್ತಾನೆ ಎಂದು ನಾನು ಅಂದುಕೊಂಡೆ. ಅವನು ಎದ್ದ. ಆದರೆ ಹೋಗಲಿಲ್ಲ. ಡಾಕ್ಟರ ಎದುರು ಬಂದು ನಿಂತು, ಸುತ್ತ ಯಾರಾದರೂ ನೋಡುತ್ತಾರೋ ಎಂದು ಕಣ್ಣಾಡಿಸಿ, ಪಂಚೆಯನ್ನು ಸ್ವಲ್ಪ ಎತ್ತಿದ. ಕಣಕಾಲಿನ ಮೇಲೆ ಚರ್ಮ ಮರದ ತೊಗಟೆಯಂತಾಗಿತ್ತು.

"ಸ್ವಾಮಿ, ನಂಗೂ ಇದೆ. ಯಾರಿಗೂ ತೋರ್ಸಿಲ್ಲ" ಎಂದ.

ಅಷ್ಟರಲ್ಲಿ ಮೂಡಿಗೆರೆ ಬಸ್ಸು ಬಂತು. ನಾನು ಹತ್ತಿ ಕಿಟಕಿಯ ಪಕ್ಕ ಕೂತು ತಿರುಗಿ ನೋಡಿದೆ, ಕೈ ಬೀಸೋಣವೆಂದು. ಡಾಕ್ಟರು ಅವನನ್ನು ಬೆಂಚಿನ ಮೇಲೆ ಕೂರಿಸಿ, ತಾವು ಧೂಳಿನಲ್ಲಿ ಕುಕ್ಕರುಗಾಲಲ್ಲಿ ಕೂತು, ಅವನ ಕಾಲನ್ನು ತಮ್ಮ ಮಂಡಿಯ ಮೇಲೆ ಎತ್ತಿ ಇಟ್ಟುಕೊಂಡಿದ್ದರು. ಏನೋ ಕೇಳುತ್ತಿದ್ದರು. ಅವನು ಬಗ್ಗಿ ಉತ್ತರ ಹೇಳುತ್ತಿದ್ದ. ಬಸ್ಸು ಹೊರಟಿತು. ಅವರು ತಲೆಯೆತ್ತಲಿಲ್ಲ.